ಹದಗೆಡುವ ಹವಾಮಾನದಲ್ಲಿ ಸಣ್ಣ ವಿಮಾನ: ಹಿಂದಿರುಗುವ ನಿರ್ಧಾರವನ್ನು ಯಾವಾಗ, ಹೇಗೆ ಕೈಗೊಳ್ಳಬೇಕು

ಹವಾಮಾನದಿಂದಾದ ವಿಮಾನ ಅಪಘಾತ ಎಂದೊಡನೆ ಗುಡುಗು, ಸಿಡಿಲು, ಬಿರುಗಾಳಿ ನೆನಪಿಗೆ ಬರುತ್ತವೆ. ಒಂದೇ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಮತ್ತೆ ಮತ್ತೆ ಜೀವ ತೆಗೆಯುವ ಸನ್ನಿವೇಶ ಅಷ್ಟು ಭೀಕರವಾಗಿ ಕಾಣುವುದೇ ಇಲ್ಲ. ಹೊರಗಿನ ನೋಟವನ್ನೇ ಆಧಾರವಾಗಿಟ್ಟುಕೊಂಡು, ಅಂದರೆ ವಿಎಫ್‌ಆರ್ ನಿಯಮಗಳಡಿ ಹಾರುತ್ತಿರುವ ಪೈಲಟ್‌ನ ಮುಂದೆ ಮೋಡದ ತಳ ನಿಧಾನವಾಗಿ ಇಳಿಯುತ್ತದೆ, ದೂರದ ಬೆಟ್ಟದ ಅಂಚು ಮಸುಕಾಗುತ್ತದೆ, ಆತ ಇನ್ನಷ್ಟು ಕೆಳಗಿಳಿದು ಮುಂದುವರಿಯುತ್ತಾನೆ, ಕೊನೆಗೆ ಮೋಡದೊಳಗೆ ನಿಯಂತ್ರಣ ತಪ್ಪುತ್ತದೆ ಅಥವಾ ವಿಮಾನ ಸುಸ್ಥಿತಿಯಲ್ಲಿರುವಾಗಲೇ ಬೆಟ್ಟಕ್ಕೆ ಬಡಿಯುತ್ತದೆ. ಇಂಥ ಅಪಘಾತಗಳಲ್ಲಿ ಬದುಕುಳಿಯುವವರು ಬಹಳ ಕಡಿಮೆ. ಹವಾಮಾನ ಇಷ್ಟಿಷ್ಟೇ ಕೆಡುವುದರಿಂದ, ಹಿಂದಿರುಗಲು ಇದೇ ಸರಿಯಾದ ಗಳಿಗೆ ಎಂದು ಆಕಾಶ ಎಂದೂ ಸ್ಪಷ್ಟವಾಗಿ ತಿಳಿಸುವುದಿಲ್ಲ. ಆದ್ದರಿಂದ ಆ ಗಳಿಗೆ ಯಾವುದೆಂಬುದನ್ನು ನೆಲದ ಮೇಲಿರುವಾಗಲೇ ಅಂಕಿಗಳಲ್ಲಿ ಗೊತ್ತುಮಾಡಿಕೊಂಡಿರಬೇಕು.

ಮೋಡದೊಳಗೆ ದೇಹ ಏಕೆ ಮೋಸಹೋಗುತ್ತದೆ

ಅನುಭವಿ ಚಾಲಕನಾದವನು ಮೋಡದೊಳಗೂ ಅಂದಾಜಿನ ಮೇಲೆ ವಿಮಾನವನ್ನು ಸಮತಟ್ಟಾಗಿ ಇಟ್ಟುಕೊಳ್ಳಬಲ್ಲ ಎಂಬ ನಂಬಿಕೆ ಎಷ್ಟು ತಪ್ಪೆಂಬುದನ್ನು ಮೊದಲು ಮನಗಾಣಬೇಕು. ಒಳಗಿವಿಯ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿ ದ್ರವವಿರುತ್ತದೆ. ತಲೆ ತಿರುಗಿದಾಗ ಆ ದ್ರವ ಕ್ಷಣಕಾಲ ಹಿಂದುಳಿದು, ಸೂಕ್ಷ್ಮ ರೋಮಗಳನ್ನು ಬಾಗಿಸಿ, ತಿರುಗುತ್ತಿರುವ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ತಿರುವು ಒಂದೇ ವೇಗದಲ್ಲಿ ಸುಮಾರು 20 ಸೆಕೆಂಡು ಮುಂದುವರಿದರೆ ದ್ರವವೂ ನಾಳದ ವೇಗವನ್ನೇ ಪಡೆದುಕೊಳ್ಳುತ್ತದೆ, ರೋಮಗಳು ನೆಟ್ಟಗಾಗುತ್ತವೆ, ವಿಮಾನ ನೇರವಾಗಿಯೇ ಹೋಗುತ್ತಿದೆ ಎಂದು ದೇಹ ಪೂರ್ಣ ವಿಶ್ವಾಸದಿಂದ ಹೇಳತೊಡಗುತ್ತದೆ. ಬಹಳ ನಿಧಾನವಾಗಿ ರೆಕ್ಕೆ ವಾಲಿದ್ದರಂತೂ ತಿರುವಿನ ಆರಂಭವೇ ಅನುಭವಕ್ಕೆ ಬಂದಿರುವುದಿಲ್ಲ. ವಾಲಿದ ವಿಮಾನದ ಮೂತಿ ತಾನಾಗಿಯೇ ಇಳಿಯುತ್ತದೆ, ವೇಗ ಏರುತ್ತದೆ, ಎತ್ತರ ಕಡಿಮೆಯಾಗುತ್ತಿರುವುದನ್ನು ಕಂಡ ಪೈಲಟ್ ಕಂಟ್ರೋಲನ್ನು ಹಿಂದಕ್ಕೆ ಎಳೆಯುತ್ತಾನೆ. ರೆಕ್ಕೆ ವಾಲಿರುವಾಗ ಹಾಗೆ ಎಳೆದರೆ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ಯಾರಾದರೂ ಆಗ ರೆಕ್ಕೆಯನ್ನು ಸರಿಯಾಗಿ ಸಮತಟ್ಟು ಮಾಡಿದರೂ ಎದುರು ದಿಕ್ಕಿಗೆ ತಿರುಗುತ್ತಿರುವಂತೆ ಭಾಸವಾಗಿ, ಪೈಲಟ್ ಅದನ್ನು ಮತ್ತೆ ಮೊದಲಿನ ಕಡೆಗೇ ವಾಲಿಸುವ ಸಂಭವ ಹೆಚ್ಚು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ನಡೆದ ಪ್ರಯೋಗವೊಂದರಲ್ಲಿ, ಉಪಕರಣಗಳ ಆಧಾರದ ಹಾರಾಟದಲ್ಲಿ ತರಬೇತಿಯಿಲ್ಲದ 20 ಮಂದಿಯನ್ನು ಹೊರಗಿನ ನೋಟ ತಪ್ಪಿಸಿ ಹಾರಿಸಲಾಯಿತು. ಇಪ್ಪತ್ತು ಮಂದಿಯೂ ನಿಯಂತ್ರಣ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು, ಅಂದರೆ ಮೂರು ನಿಮಿಷಕ್ಕೂ ಕಡಿಮೆ. ಈ ಅಂಕಿಯನ್ನು ವಿಮಾನಯಾನ ಲೋಕ ಇಂದಿಗೂ ಉದಾಹರಿಸುತ್ತದೆ, ಆದರೆ ಪ್ರಯೋಗದ ಇನ್ನೊಂದು ಅರ್ಧ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅದೇ ಮಂದಿಗೆ ಕೆಲವೇ ಗಂಟೆಗಳ ಕಾಲ, ಕುರುಡಾಗಿದ್ದಾಗ 180 ಡಿಗ್ರಿ ತಿರುಗಿ ಬಂದ ದಾರಿಗೇ ಮರಳುವ ವಿಧಾನವನ್ನು ಕಲಿಸಿದ ಮೇಲೆ ಬಹುತೇಕ ಎಲ್ಲ ಪ್ರಯತ್ನಗಳೂ ಯಶಸ್ವಿಯಾದವು. ನನ್ನ ಮಟ್ಟಿಗೆ ಆ ಅಧ್ಯಯನದ ನಿಜವಾದ ಬೆಲೆ ಇರುವುದು ಇಲ್ಲಿ.

ಮೋಡವಿಲ್ಲದೆಯೂ ಇದು ನಡೆಯಬಹುದು. 1999ರ ಜುಲೈ 16ರ ರಾತ್ರಿ ಜಾನ್ ಎಫ್. ಕೆನಡಿ ಜೂನಿಯರ್ ಹಾರಿಸುತ್ತಿದ್ದ ಪೈಪರ್ ಸಾರಟೋಗಾ ವಿಮಾನ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಸಮೀಪ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು, ಒಳಗಿದ್ದ ಮೂವರೂ ಸತ್ತರು. ಕತ್ತಲ ರಾತ್ರಿ, ನೀರಿನ ಮೇಲೆ ಹರಡಿದ್ದ ಮಬ್ಬು, ಕಾಣದ ದಿಗಂತ ಇಷ್ಟೇ ಸಾಕಾಗಿತ್ತು. ಕೊನೆಯ ಹಂತದಲ್ಲಿ ವಿಮಾನ ನಿಮಿಷಕ್ಕೆ 4,700 ಅಡಿಗೂ ಹೆಚ್ಚಿನ ವೇಗದಲ್ಲಿ ಕೆಳಗಿಳಿಯುತ್ತಿತ್ತು. ಚಾಲಕನಿಗೆ ದಿಕ್ಕಿನ ಮತ್ತು ಸಮತೋಲನದ ಅರಿವು ತಪ್ಪಿದ್ದರಿಂದ ನಿಯಂತ್ರಣ ಕೈಬಿಟ್ಟಿತು ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು.

ಹೊರಡುವ ಮುನ್ನ

ನಿಲ್ದಾಣಗಳ ಸದ್ಯದ ಹವಾಮಾನ ವರದಿಯಾದ ಮೆಟಾರ್ ಮತ್ತು ಮುನ್ಸೂಚನೆಯಾದ ಟಾಫ್ ಎರಡನ್ನೂ ಓದುವುದು ಎಲ್ಲರಿಗೂ ಅಭ್ಯಾಸವಾಗಿರುತ್ತದೆ. ಕಡೆಯ ಒಂದು ವರದಿಯನ್ನು ಓದಿ ಸುಮ್ಮನಾಗದೆ, ಹಿಂದಿನ ಮೂರು ನಾಲ್ಕು ಗಂಟೆಗಳ ಮೆಟಾರ್‌ಗಳನ್ನು ಸಾಲಾಗಿ ಇಟ್ಟುಕೊಂಡು ಮೋಡದ ತಳ ಏರುತ್ತಿದೆಯೋ ಇಳಿಯುತ್ತಿದೆಯೋ, ಗೋಚರತೆ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದನ್ನು ನೋಡಬೇಕು. ಮುನ್ಸೂಚನೆಗಿಂತ ವಾಸ್ತವ ಈಗಾಗಲೇ ಕೆಟ್ಟಿದ್ದರೆ ಆ ಮುನ್ಸೂಚನೆಯ ಉಳಿದ ಭಾಗವನ್ನೂ ನಂಬುವಂತಿಲ್ಲ. ಟಾಫ್ ಹೇಳುವುದು ನಿಲ್ದಾಣದ ಸುತ್ತಲಿನ ಕೆಲವೇ ಕಿಲೋಮೀಟರ್‌ಗಳ ಬಗ್ಗೆ ಎಂಬುದನ್ನೂ ಮರೆಯಬಾರದು. ಹೊರಡುವ ಊರು ಮತ್ತು ಸೇರುವ ಊರು ಎರಡೂ ನಿರ್ಮಲವಾಗಿದ್ದು, ನಡುವಿನ ಬೆಟ್ಟಸಾಲು ಪೂರ್ತಿ ಮುಚ್ಚಿಹೋಗಿರುವುದು ಅಪರೂಪವೇನಲ್ಲ.

ಈ ನಡುವಿನ ಪ್ರದೇಶದ ಲೆಕ್ಕವನ್ನು ಕಾಗದದ ಮೇಲೆ ಮಾಡಬೇಕು. ಮೆಟಾರ್‌ನಲ್ಲಿ ಮೋಡದ ತಳವನ್ನು ನಿಲ್ದಾಣದ ನೆಲದಿಂದ ಅಳೆದು ಕೊಡುತ್ತಾರೆ, ನಕ್ಷೆಯಲ್ಲಿ ಬೆಟ್ಟದ ಎತ್ತರವನ್ನು ಸಮುದ್ರಮಟ್ಟದಿಂದ ಕೊಡುತ್ತಾರೆ. ನಿಲ್ದಾಣ ಸಮುದ್ರಮಟ್ಟದಿಂದ 800 ಅಡಿ ಎತ್ತರದಲ್ಲಿದ್ದು, ಮೋಡದ ತಳ 1,800 ಅಡಿ ಎಂದು ವರದಿಯಾಗಿದ್ದರೆ, ಆ ತಳ ಸಮುದ್ರಮಟ್ಟದಿಂದ 2,600 ಅಡಿಯಲ್ಲಿದೆ. ದಾರಿಯಲ್ಲಿ 2,100 ಅಡಿಯ ಬೆಟ್ಟಸಾಲು ಇದ್ದರೆ ಅದರ ನೆತ್ತಿಗೂ ಮೋಡಕ್ಕೂ ನಡುವೆ ಉಳಿಯುವುದು ಕೇವಲ 500 ಅಡಿ, ಅದೂ ಮೋಡ ಅಲ್ಲಿಯವರೆಗೆ ಒಂದೇ ಎತ್ತರದಲ್ಲಿದ್ದರೆ. ಗಾಳಿ ಇಳಿಜಾರನ್ನು ಏರುವಾಗ ತಂಪಾಗಿ, ಬೆಟ್ಟದ ಮೇಲೆ ಮೋಡ ಇನ್ನೂ ಕೆಳಗೆ ಕಟ್ಟುವುದೇ ಸಾಮಾನ್ಯ. 1,800 ಅಡಿ ಎಂಬ ಅಂಕಿ ನಿಲ್ದಾಣದಲ್ಲಿ ಕುಳಿತು ಓದುವಾಗ ಧೈರ್ಯ ತುಂಬುತ್ತದೆ, ಬೆಟ್ಟಸಾಲಿನ ಬಳಿ ಅದು ದಾರಿ ಮುಚ್ಚಿದೆ ಎಂದೇ ಅರ್ಥ.

ತಾಪಮಾನ ಮತ್ತು ಇಬ್ಬನಿ ಬಿಂದುವಿನ (ಗಾಳಿಯ ತೇವ ಹನಿಗಟ್ಟತೊಡಗುವ ತಾಪಮಾನದ) ಅಂತರವನ್ನೂ ಗಮನಿಸಬೇಕು. ಅದು 3 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗಿ, ಇನ್ನೂ ಕಿರಿದಾಗುತ್ತಿದ್ದರೆ ಮಂಜು ಅಥವಾ ತಗ್ಗಿನ ಮೋಡ ಹತ್ತಿರದಲ್ಲಿದೆ ಎಂದು ತಿಳಿಯಬೇಕು. ಬಿಸಿಲಿಗೆ ಮೇಲೇಳುವ ಗಾಳಿಯಿಂದ ಕಟ್ಟುವ ಮೋಡಗಳ ತಳವನ್ನು ಅಂದಾಜಿಸಲು ಈ ಅಂತರವನ್ನು 400ರಿಂದ ಗುಣಿಸಿದರೆ ಸಾಕು: ತಾಪಮಾನ 24, ಇಬ್ಬನಿ ಬಿಂದು 21 ಇದ್ದರೆ ಮೋಡ ಸುಮಾರು 1,200 ಅಡಿಯಲ್ಲಿ ಶುರುವಾಗುತ್ತದೆ. ಸಂಜೆ ಹೊತ್ತು ತಲುಪುವ ಯೋಜನೆಯಿದ್ದಾಗ ಇದಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ಸೂರ್ಯ ಮುಳುಗಿದ ಮೇಲೆ ನೆಲ ತಣಿದು ಈ ಅಂತರ ಬೇಗನೆ ಮುಚ್ಚಿಕೊಳ್ಳುತ್ತದೆ, ಕತ್ತಲಲ್ಲಿ ಮೋಡ ಬರುವುದು ಕಣ್ಣಿಗೆ ಕಾಣುವುದಿಲ್ಲ.

ಇನ್ನು ಸ್ವಂತ ಮಿತಿಗಳ ವಿಚಾರ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ, 10,000 ಅಡಿಗಿಂತ ಕೆಳಗೆ ನಿಯಂತ್ರಿತ ವಾಯುಪ್ರದೇಶದಲ್ಲಿ ವಿಎಫ್‌ಆರ್ ಹಾರಾಟಕ್ಕೆ ಸಾಮಾನ್ಯವಾಗಿ 5 ಕಿಲೋಮೀಟರ್ ಗೋಚರತೆ, ಮೋಡದಿಂದ ಅಡ್ಡಲಾಗಿ 1,500 ಮೀಟರ್ ಹಾಗೂ ಲಂಬವಾಗಿ 1,000 ಅಡಿ ಅಂತರ ಇರಬೇಕು. ಇದು ಕಾನೂನಿನ ಕಟ್ಟಕಡೆಯ ಗೆರೆ ಮಾತ್ರ. 120 ನಾಟ್ (ಗಂಟೆಗೆ ಸುಮಾರು 220 ಕಿಲೋಮೀಟರ್) ವೇಗದಲ್ಲಿ 5 ಕಿಲೋಮೀಟರ್ ದೂರವನ್ನು 81 ಸೆಕೆಂಡಿನಲ್ಲಿ ದಾಟಲಾಗುತ್ತದೆ. ಗೋಚರತೆ 1,500 ಮೀಟರ್‌ಗೆ ಇಳಿದರೆ ಮುಂದಿರುವುದನ್ನು ಕಂಡು, ಅರ್ಥಮಾಡಿಕೊಂಡು, ತಪ್ಪಿಸಿಕೊಳ್ಳಲು ಸಿಗುವುದು 24 ಸೆಕೆಂಡು. ಹೊಸ ಪೈಲಟ್‌ಗಳು ಹಗಲಿನಲ್ಲಿ 10 ಕಿಲೋಮೀಟರ್ ಗೋಚರತೆಯನ್ನೂ, ದಾರಿಯ ಅತಿ ಎತ್ತರದ ನೆಲಕ್ಕಿಂತ ಕನಿಷ್ಠ 2,000 ಅಡಿ ಮೇಲೆ ಮೋಡದ ತಳವನ್ನೂ ಬಯಸುವುದು ಅತಿ ಎಚ್ಚರಿಕೆಯೇನೂ ಅಲ್ಲ. ಆಯ್ದುಕೊಂಡ ಅಂಕಿಗಳನ್ನು ಮೊಣಕಾಲಿನ ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಬೇಕು. ಹಾರಾಟದ ನಡುವೆ ಅವುಗಳನ್ನು ಬಿಗಿಗೊಳಿಸಬಹುದೇ ಹೊರತು ಸಡಿಲಿಸಬಾರದು.

ಮನಸ್ಸಿನ ಒತ್ತಡ ಈ ಅಂಕಿಗಳನ್ನು ಕರಗಿಸಿಬಿಡುತ್ತದೆ. 2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್ ಬಳಿ ಬಿದ್ದ ಸಿಕೋರ್ಸ್ಕಿ ಎಸ್-76ಬಿ ಹೆಲಿಕಾಪ್ಟರ್‌ನಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿ ಒಂಬತ್ತು ಮಂದಿ ಸತ್ತರು. ಅದರ ಪೈಲಟ್ ಅನುಭವಿ, ಉಪಕರಣಾಧಾರಿತ ಹಾರಾಟದ ಅರ್ಹತೆಯನ್ನೂ ಪಡೆದವರು. ಮೋಡದೊಳಗೆ 4,000 ಅಡಿಗೆ ಏರುತ್ತಿದ್ದೇನೆ ಎಂದು ಅವರು ಕಂಟ್ರೋಲರ್‌ಗೆ ಹೇಳುತ್ತಿದ್ದಾಗ ಹೆಲಿಕಾಪ್ಟರ್ ಎಡಕ್ಕೆ ತಿರುಗುತ್ತ ಕೆಳಗಿಳಿಯುತ್ತಿತ್ತು. ಪೈಲಟ್ ತಾನೇ ತನ್ನ ಮೇಲೆ ಹೇರಿಕೊಂಡ ಒತ್ತಡ ಮತ್ತು ಹಿಡಿದ ಯೋಜನೆಯನ್ನೇ ಮುಂದುವರಿಸುವ ಪ್ರವೃತ್ತಿ ಇದಕ್ಕೆ ಪೂರಕವಾಗಿರಬಹುದೆಂದು ತನಿಖೆ ಹೇಳಿತು. ಅನುಭವ ಈ ಪ್ರವೃತ್ತಿಯಿಂದ ರಕ್ಷಣೆ ಕೊಡುವುದಿಲ್ಲ. ಆದುದರಿಂದ ಪ್ರಯಾಣಿಕರಿಗೆ ಹಿಂದಿನ ದಿನವೇ, ನಾಳೆ ನಾವು ಹೊರಡದೆಯೂ ಇರಬಹುದು, ನಡುದಾರಿಯಲ್ಲಿ ಬೇರೆ ಊರಿನಲ್ಲಿ ಇಳಿಯಲೂಬಹುದು ಎಂದು ಸ್ಪಷ್ಟವಾಗಿ ಹೇಳಿಬಿಡಬೇಕು. ಬಸ್ಸು ಅಥವಾ ರೈಲಿನ ಪರ್ಯಾಯವನ್ನು ಮೊದಲೇ ವಿಚಾರಿಸಿಟ್ಟಿದ್ದರೆ ಹಿಂದಿರುಗುವ ನಿರ್ಧಾರ ಬಹಳ ಹಗುರವಾಗುತ್ತದೆ.

ಆಕಾಶದಲ್ಲಿ

ಹಾರಾಟ ಆರಂಭವಾದ ಮೇಲೆ ಪ್ರತಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮುಂದಿನ ನಿಲ್ದಾಣದ ವರದಿಯನ್ನು ರೇಡಿಯೋದಲ್ಲಿ ಕೇಳಬೇಕು, ಹಾಗೆಯೇ ಹಿಂದೆ ಬಿಟ್ಟುಬಂದ ನಿಲ್ದಾಣದ್ದನ್ನೂ ಕೇಳಬೇಕು. ಹಿಂದಿನ ಬಾಗಿಲು ತೆರೆದೇ ಇದೆ ಎಂಬ ಊಹೆಯ ಮೇಲೆ ಮುಂದುವರಿದವರು, ತಿರುಗಿ ನೋಡುವಷ್ಟರಲ್ಲಿ ಅದೂ ಮುಚ್ಚಿರುವುದನ್ನು ಕಂಡಿದ್ದುಂಟು. ಕಾಕ್‌ಪಿಟ್‌ನ ಪರದೆಯ ಮೇಲೆ ಬರುವ ರೇಡಾರ್ ಚಿತ್ರವನ್ನು ಈ ಕ್ಷಣದ ಆಕಾಶವೆಂದು ತಿಳಿಯಬಾರದು. ಅನೇಕ ಕೇಂದ್ರಗಳ ಮಾಹಿತಿಯನ್ನು ಜೋಡಿಸಿ ಕಳುಹಿಸುವ ಆ ಚಿತ್ರ, ಪರದೆ ತೋರಿಸುವ ವಯಸ್ಸಿಗಿಂತ ಕೆಲವೊಮ್ಮೆ 15ರಿಂದ 20 ನಿಮಿಷ ಹಳೆಯದಾಗಿರುತ್ತದೆ. ಗುಡುಗುಮೋಡಗಳ ನಡುವಿನ ಕಿಂಡಿಯೊಂದನ್ನು ಅದರಲ್ಲಿ ಕಂಡು ನುಗ್ಗುವುದು ಆತ್ಮಘಾತಕ. ಬಲವಾದ ಗುಡುಗುಮೋಡದಿಂದ ಕನಿಷ್ಠ 20 ನಾಟಿಕಲ್ ಮೈಲಿ ದೂರ ಇರಬೇಕು.

ಕೆಡುತ್ತಿರುವ ಹವಾಮಾನದ ಅತ್ಯಂತ ನಂಬಿಕಸ್ಥ ಸೂಚನೆ ಎತ್ತರ ತೋರಿಸುವ ನಿಮ್ಮ ಆಲ್ಟಿಮೀಟರ್‌ನಲ್ಲೇ ಸಿಗುತ್ತದೆ. 3,500 ಅಡಿಯಲ್ಲಿ ಹಾರುವ ಯೋಜನೆಯಿದ್ದು, ಮೋಡದ ಕೆಳಗೆ ಉಳಿಯಲು 3,000ಕ್ಕೆ ಇಳಿದಿದ್ದೀರಿ ಎಂದುಕೊಳ್ಳಿ. ಇದು ಮೊದಲ ಎಚ್ಚರಿಕೆ. ಹಿಂದಿನ ಹವಾಮಾನವನ್ನು ವಿಚಾರಿಸಿ, ಪರ್ಯಾಯ ನಿಲ್ದಾಣದ ದಿಕ್ಕು ಮತ್ತು ದೂರವನ್ನು ಬರೆದುಕೊಳ್ಳುವ ಸಮಯ. ಸ್ವಲ್ಪ ಹೊತ್ತಿನಲ್ಲಿ 2,500ಕ್ಕೆ ಇಳಿಯಬೇಕಾಗಿ ಬಂದರೆ ಇಳಿಯದೆ ತಿರುಗಿಬಿಡಬೇಕು. ಮೋಡದ ಕಾರಣಕ್ಕೆ ಎರಡನೆಯ ಬಾರಿ ಕೆಳಗಿಳಿಯಬಾರದು ಎಂಬ ಈ ಒಂದು ನಿಯಮವನ್ನು ಉಳಿದೆಲ್ಲಕ್ಕಿಂತ ಮೇಲೆ ಇಡುತ್ತೇನೆ. ಪ್ರತಿಯೊಂದು ಇಳಿತವೂ ತನ್ನಷ್ಟಕ್ಕೆ ಚಿಕ್ಕದಾಗಿ, ಸಮಂಜಸವಾಗಿಯೇ ತೋರುತ್ತದೆ. ಅವುಗಳ ಮೊತ್ತವೇ ವಿಮಾನವನ್ನು ಮರಗಳ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಬಲಗಡೆಯ ಬೆಟ್ಟ ಮಸುಕಾಗುವುದು, ನೆಲ ಮತ್ತು ಆಕಾಶದ ನಡುವಿನ ಗೆರೆ ಅಳಿಸುವುದು, ಮುಂದೆ ನೋಡುವುದನ್ನು ಬಿಟ್ಟು ನೇರ ಕೆಳಗಿನ ರಸ್ತೆಯನ್ನೇ ನೋಡಿಕೊಂಡು ಹಾರತೊಡಗುವುದು, ಪ್ರಯಾಣಿಕರೊಡನೆ ಮಾತು ನಿಲ್ಲುವುದು, ಇವು ಕೂಡ ಅದೇ ಸೂಚನೆಗಳು.

ಆಲ್ಟಿಮೀಟರ್ ಕೂಡ ತಪ್ಪು ತೋರಿಸಬಹುದು. ಕೆಟ್ಟ ಹವಾಮಾನದ ಕಡೆಗೆ ಹಾರುವುದೆಂದರೆ ಬಹುಮಟ್ಟಿಗೆ ಕಡಿಮೆ ಒತ್ತಡದ ಕಡೆಗೆ ಹಾರುವುದು. ಒತ್ತಡ 10 ಹೆಕ್ಟೋಪ್ಯಾಸ್ಕಲ್ ಇಳಿದಿದ್ದು ಆಲ್ಟಿಮೀಟರನ್ನು ಹೊಸ ಅಂಕಿಗೆ ಹೊಂದಿಸದಿದ್ದರೆ, ವಿಮಾನ ಅದು ತೋರಿಸುವುದಕ್ಕಿಂತ ಸುಮಾರು 300 ಅಡಿ ಕೆಳಗಿರುತ್ತದೆ.

ತಿರುಗುವುದಕ್ಕೂ ಜಾಗ ಬೇಕು. 30 ಡಿಗ್ರಿ ವಾಲಿಕೆಯಲ್ಲಿ 120 ನಾಟ್ ವೇಗದ ವಿಮಾನ ಅರ್ಧ ಸುತ್ತು ಬರಲು ಸುಮಾರು 1,350 ಮೀಟರ್ ಅಗಲವನ್ನು ತೆಗೆದುಕೊಳ್ಳುತ್ತದೆ. ಅದೇ ವಿಮಾನ 90 ನಾಟ್‌ಗೆ ಇಳಿದಿದ್ದರೆ ಸುಮಾರು 760 ಮೀಟರ್ ಸಾಕು. ಹಾಗಾಗಿ ಗೋಚರತೆ ಕುಗ್ಗಲು ಆರಂಭವಾದೊಡನೆ ವೇಗವನ್ನು ತಗ್ಗಿಸಬೇಕು, ಕೈಪಿಡಿ ಹೇಳುವಂತೆ ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಪಟ್ಟಿಗಳನ್ನು ಸ್ವಲ್ಪ ಇಳಿಸಬಹುದು, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಟಾಲ್ ವೇಗದಿಂದ ಸಾಕಷ್ಟು ಅಂತರ ಉಳಿಸಿಕೊಳ್ಳಬೇಕು. ಕಣಿವೆಯಲ್ಲಿ ನಟ್ಟನಡುವೆ ಹಾರಿದರೆ ಯಾವ ಕಡೆಗೆ ತಿರುಗಿದರೂ ಅರ್ಧ ಅಗಲ ಮಾತ್ರ ಸಿಗುತ್ತದೆ. ಒಂದು ಬದಿಗೆ ಒತ್ತಿಕೊಂಡು ಹಾರಿದರೆ ಪೂರ್ತಿ ಅಗಲ ತಿರುವಿಗೆ ಒದಗುತ್ತದೆ.

ತಿರುಗಿದರೂ ದಾರಿಯಿಲ್ಲ, ಮೋಡ ಸುತ್ತಲೂ ಇಳಿದಿದೆ ಎಂದಾದರೆ, ಎಂಜಿನ್ ಚೆನ್ನಾಗಿರುವಾಗಲೇ ಹೊಲವೊಂದನ್ನು ಆರಿಸಿಕೊಂಡು, ಅದರ ಮೇಲೆ ಒಮ್ಮೆ ಹಾದು ತಂತಿ, ಹಳ್ಳ, ಇಳಿಜಾರುಗಳನ್ನು ನೋಡಿಕೊಂಡು, ನಿಯಂತ್ರಣದಲ್ಲಿ ಇಳಿಯುವುದು ಗೌರವಯುತವಾದ ಆಯ್ಕೆ. ಚಕ್ರ ಮುರಿಯಬಹುದು, ರೆಕ್ಕೆ ಜಖಂ ಆಗಬಹುದು. ಆದರೂ ನಿಧಾನಗತಿಯಲ್ಲಿ ನೆಲ ಮುಟ್ಟಿದ ಸಣ್ಣ ವಿಮಾನದಿಂದ ಜನ ನಡೆದು ಹೊರಬರುವ ಸಾಧ್ಯತೆ ತುಂಬ ಹೆಚ್ಚು.

ಮೋಡದೊಳಗೆ ಸಿಲುಕಿಬಿಟ್ಟರೆ

ಮೊದಲು ಮಾಡಬೇಕಾದದ್ದು ಕಣ್ಣನ್ನು ಕಿಟಕಿಯಿಂದ ಪೂರ್ತಿ ಒಳಗೆ ತಂದು ವಿಮಾನದ ವಾಲಿಕೆ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ಮೇಲೆ ನಿಲ್ಲಿಸುವುದು. ರೆಕ್ಕೆಗಳನ್ನು ಸಮತಟ್ಟು ಮಾಡಿ, ಮೂತಿಯನ್ನು ಅದರಲ್ಲಿ ಕಾಣುವ ದಿಗಂತದ ಮೇಲಿಟ್ಟು, ಎಂಜಿನ್ ಶಕ್ತಿಯ ಥ್ರಾಟಲ್ ಮತ್ತು ಮೂತಿಯ ಕೋನ ಹಿಡಿದಿಡುವ ಟ್ರಿಮ್ ಮುಟ್ಟದೆ, ಹಿಡಿತವನ್ನು ಸಡಿಲಿಸಬೇಕು. ಆಟೋಪೈಲಟ್ ಇದ್ದರೆ ರೆಕ್ಕೆ ಸಮತಟ್ಟಾದ ಕೂಡಲೇ ಅದನ್ನು ಹಾಕಿಬಿಡಬೇಕು, ಅದಕ್ಕೆ ಒಳಗಿವಿಯಿಲ್ಲ. ಬಿದ್ದ ಪೆನ್ಸಿಲ್ ಎತ್ತಲು ಬಗ್ಗುವುದು, ಹಿಂದಿನ ಆಸನದಿಂದ ನಕ್ಷೆ ತೆಗೆಯಲು ತಿರುಗುವುದು ಈ ಹೊತ್ತಿನಲ್ಲಿ ಸಲ್ಲದು, ಏಕೆಂದರೆ ತಿರುವಿನಲ್ಲಿರುವಾಗ ತಲೆಯ ಹಠಾತ್ ಚಲನೆ ಉರುಳಿಬೀಳುತ್ತಿರುವಂಥ ಬಲವಾದ ಭ್ರಮೆಯನ್ನು ಹುಟ್ಟಿಸುತ್ತದೆ.

ಹತ್ತಾರು ಸೆಕೆಂಡು ಸ್ಥಿರವಾಗಿ ಹಾರಿದ ನಂತರ, ಸುತ್ತಲಿನ ನೆಲ ತಗ್ಗಾಗಿದ್ದರೆ, ಸೆಕೆಂಡಿಗೆ 3 ಡಿಗ್ರಿಯ ತಿರುವನ್ನು ಆರಂಭಿಸಬೇಕು. ಈ ದರದಲ್ಲಿ ನಿಖರವಾಗಿ ಒಂದು ನಿಮಿಷಕ್ಕೆ 180 ಡಿಗ್ರಿ ಪೂರ್ಣವಾಗುತ್ತದೆ. 100 ನಾಟ್ ಆಸುಪಾಸಿನ ವೇಗಕ್ಕೆ ಬೇಕಾಗುವ ವಾಲಿಕೆ ಸುಮಾರು 15 ಡಿಗ್ರಿ ಮಾತ್ರ. ಬೇಗ ಹೊರಬರುವ ಆತುರದಲ್ಲಿ ಇದನ್ನು 40, 45ಕ್ಕೆ ಏರಿಸುವುದೇ ಸುರುಳಿಗೆ ದಾರಿ. ಎದುರಿಗೋ ಪಕ್ಕಕ್ಕೋ ಎತ್ತರದ ನೆಲವಿದ್ದರೆ ಮೊದಲು ರೆಕ್ಕೆ ಸಮತಟ್ಟಾಗಿಟ್ಟುಕೊಂಡೇ ಸುರಕ್ಷಿತ ಎತ್ತರಕ್ಕೆ ಏರಬೇಕು, ತಿರುವು ಆಮೇಲೆ. ವೇಗ ಏರುತ್ತ ಎತ್ತರ ಕರಗುತ್ತಿರುವುದು ಕಂಡರೆ ಸುರುಳಿ ಆರಂಭವಾಗಿದೆ ಎಂದರ್ಥ: ಮೊದಲು ಥ್ರಾಟಲ್ ಇಳಿಸಿ, ನಂತರ ರೆಕ್ಕೆಗಳನ್ನು ಸಮತಟ್ಟು ಮಾಡಿ, ಕೊನೆಯಲ್ಲಿ ಮಾತ್ರ ಮೂತಿಯನ್ನು ಮೃದುವಾಗಿ ಎತ್ತಬೇಕು. ಈ ಕ್ರಮ ತಪ್ಪಿದರೆ ರೆಕ್ಕೆಯೇ ಕಳಚಿಹೋಗುವಷ್ಟು ಭಾರ ಬೀಳಬಹುದು.

ವಿಮಾನ ಕೈಯಲ್ಲಿದೆ ಎಂದಾದ ಮೇಲೆ ಮಾತನಾಡಬೇಕು. ಈಗಾಗಲೇ ಸಂಪರ್ಕದಲ್ಲಿರುವ ಕಂಟ್ರೋಲರ್‌ಗೆ, ಯಾರೂ ಇಲ್ಲದಿದ್ದರೆ 121.5 ಮೆಗಾಹರ್ಟ್ಸ್ ತುರ್ತು ತರಂಗಾಂತರದಲ್ಲಿ, ನಾನು ವಿಎಫ್‌ಆರ್ ಪೈಲಟ್, ಮೋಡದೊಳಗಿದ್ದೇನೆ, ಸಹಾಯ ಬೇಕು ಎಂದು ನೇರವಾಗಿ ಹೇಳಬೇಕು. ರೇಡಾರ್‌ಗೆ ವಿಮಾನದ ಗುರುತು ಕಳುಹಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತುಸ್ಥಿತಿಯ ಸಂಕೇತವಾದ 7700 ಹಾಕಬೇಕು. ಪರವಾನಗಿಗೆ ತೊಂದರೆಯಾದೀತು ಎಂಬ ಅಳುಕಿನಿಂದ ಅರ್ಧ ಸತ್ಯ ಹೇಳಿದರೆ, ಸಹಾಯ ಮಾಡಬಲ್ಲವರೂ ಪರಿಸ್ಥಿತಿಯನ್ನು ಅರಿಯದೆ, ಉಪಕರಣಗಳ ಆಧಾರದಲ್ಲಿ ಹಾರುವ ಅನುಭವಿ ಐಎಫ್‌ಆರ್ ಪೈಲಟ್‌ಗೆ ಕೊಡುವಂಥ ಸೂಚನೆಗಳನ್ನೇ ಕೊಡುತ್ತಾರೆ.

ಹಿಮ ಮತ್ತು ಕಾರ್ಬ್ಯುರೇಟರ್

ಶೂನ್ಯಕ್ಕಿಂತ ಕೆಳಗಿನ ತಾಪಮಾನದ ಮೋಡದಲ್ಲಿ ರೆಕ್ಕೆಯ ಮೇಲೆ ಹಿಮ ಕಟ್ಟುತ್ತದೆ. ಒರಟು ಮರಳುಕಾಗದದಷ್ಟು ತೆಳುವಾದ ಪದರ ಕೂಡ ಎತ್ತುವ ಬಲವನ್ನು 30 ಪ್ರತಿಶತ ತಗ್ಗಿಸಿ, ಎಳೆತವನ್ನು 40 ಪ್ರತಿಶತ ಹೆಚ್ಚಿಸಬಲ್ಲದು. ಹಿಮ ನಿವಾರಣೆಯ ಸಲಕರಣೆಯಿಲ್ಲದ ವಿಮಾನ ಕೂಡಲೇ ಅಲ್ಲಿಂದ ಹೊರಬರಬೇಕು, ವೇಗ ಅಳೆಯುವ ಕೊಳವೆಯನ್ನು ಬಿಸಿಮಾಡುವ ಪಿಟೋಟ್ ಹೀಟ್ ಹಾಕಿರಬೇಕು. ಎಂಜಿನ್ನಿಗೆ ಗಾಳಿ ಮತ್ತು ಇಂಧನ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಒಳಗಿನ ಹಿಮಕ್ಕೆ ಚಳಿಯೂ ಬೇಕಿಲ್ಲ. ತೇವ ಹೆಚ್ಚಿರುವ ದಿನ ಹೊರಗೆ 20 ಡಿಗ್ರಿ ಇದ್ದರೂ ಅದು ಕಟ್ಟುತ್ತದೆ. ಎಂಜಿನ್ ಸುತ್ತು ನಿಧಾನವಾಗಿ ಇಳಿಯುತ್ತಿದ್ದರೆ ಅದನ್ನು ಬಿಸಿಮಾಡುವ ಕಾರ್ಬ್ ಹೀಟನ್ನು ಪೂರ್ತಿ ಎಳೆಯಬೇಕು. ಕರಗಿದ ನೀರು ಒಳಹೋಗುವಾಗ ಎಂಜಿನ್ ಒಂದಿಷ್ಟು ಹೊತ್ತು ಇನ್ನಷ್ಟು ಒರಟಾಗಿ ಓಡುತ್ತದೆ, ಅದಕ್ಕೆ ಹೆದರಿ ಹೀಟನ್ನು ತೆಗೆಯಬಾರದು.

ಅಭ್ಯಾಸ ಮತ್ತು ಪ್ರಯಾಣಿಕರು

ಮೋಡದಿಂದ ಮರಳುವ ತಿರುವನ್ನು ಕೆಲವು ತಿಂಗಳಿಗೊಮ್ಮೆಯಾದರೂ ಬೋಧಕರೊಂದಿಗೆ, ಹೊರಗಿನ ನೋಟ ತಪ್ಪಿಸುವ ಟೋಪಿ ಹಾಕಿಕೊಂಡು, ನೀವು ಪ್ರಯಾಣಕ್ಕೆ ಬಳಸುವ ವಿಮಾನದಲ್ಲೇ ಅಭ್ಯಾಸ ಮಾಡಬೇಕು. 1959ರ ಫೆಬ್ರವರಿ 3ರಂದು ಅಮೆರಿಕದ ಐಯೋವಾದಲ್ಲಿ ಗಾಯಕ ಬಡ್ಡಿ ಹಾಲಿ ಮತ್ತು ಸಂಗಡಿಗರಿದ್ದ ಬೀಚ್‌ಕ್ರಾಫ್ಟ್ ಬೊನಾಂಜಾ ರಾತ್ರಿ ಹಿಮದ ನಡುವೆ ಹಾರಿದ ಕೆಲವೇ ನಿಮಿಷಗಳಲ್ಲಿ ಬಿದ್ದಾಗ, ಅದರ ಸಮತೋಲನ ಸೂಚಕ ಮೂತಿಯ ಏರಿಳಿತವನ್ನು ಪೈಲಟ್ ಕಲಿತಿದ್ದಕ್ಕೆ ತದ್ವಿರುದ್ಧವಾಗಿ ತೋರಿಸುವ ಬಗೆಯದಾಗಿತ್ತು ಎಂದು ತನಿಖೆ ದಾಖಲಿಸಿದೆ. ಹವಾಮಾನ ಕೆಡುತ್ತಿದೆ ಎಂಬ ಎಚ್ಚರಿಕೆಗಳೂ ಆತನಿಗೆ ಮುಟ್ಟಿರಲಿಲ್ಲ.

ಪ್ರಯಾಣಿಕರಾಗಿ ಕುಳಿತವರು, ಯಾವ ಹವಾಮಾನ ಕಂಡರೆ ನಾವು ಹಿಂದಿರುಗುತ್ತೇವೆ ಎಂದು ಹೊರಡುವ ಮುನ್ನ ಪೈಲಟನ್ನು ಕೇಳಬೇಕು. ಅಂಕಿಗಳಲ್ಲಿ ಉತ್ತರ ಬಂದರೆ ನಿಶ್ಚಿಂತೆಯಿಂದ ಹತ್ತಬಹುದು. ನೋಡೋಣ ಎಂಬ ಉತ್ತರ ಬಂದರೆ ಹತ್ತದಿರುವುದು ಲೇಸು. ಹಾರಾಟದಲ್ಲಿ ಮುಂದಿನ ಬೆಟ್ಟ ಕಾಣದಾದಾಗ ಅದನ್ನು ಬಾಯಿಬಿಟ್ಟು ಹೇಳಬೇಕು, ತಲುಪುವ ಹೊತ್ತಿನ ಬಗ್ಗೆ ಮಾತ್ರ ಕೇಳಬಾರದು.

ಬೇರೆ ನಿಲ್ದಾಣದಲ್ಲಿ ಇಳಿದ ಕೂಡಲೇ ಹಾರಾಟ ಯೋಜನೆಯನ್ನು ಮುಕ್ತಾಯಗೊಳಿಸಿ, ದಾರಿ ಕಾಯುತ್ತಿರುವವರಿಗೆ ಕರೆ ಮಾಡಬೇಕು. ನಿರೀಕ್ಷಿತ ಸಮಯ ಕಳೆದು 30 ನಿಮಿಷವಾದರೂ ಸುದ್ದಿಯಿಲ್ಲದಿದ್ದರೆ ವಾಯುಸಂಚಾರ ಸೇವೆಯವರು ವಿಚಾರಣೆ ಆರಂಭಿಸುತ್ತಾರೆ, ಅದು ಶೋಧ ಕಾರ್ಯಾಚರಣೆಗೆ ತಿರುಗಿದರೆ ಇನ್ನೊಂದು ತಂಡ ಅದೇ ಹವಾಮಾನದೊಳಗೆ ಹಾರಬೇಕಾಗುತ್ತದೆ. ನೀವು ಕಂಡ ಮೋಡದ ಎತ್ತರ, ಗೋಚರತೆ, ಸ್ಥಳ ಮತ್ತು ಸಮಯವನ್ನು ಅದೇ ಕರೆಯಲ್ಲಿ ವರದಿ ಮಾಡಿದರೆ, ಆ ದಾರಿಯಲ್ಲಿ ಇನ್ನೂ ಹೊರಡದಿರುವ ಪೈಲಟ್‌ಗೆ ಅದು ಯಾವ ಮುನ್ಸೂಚನೆಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.